ಡೀಸೆಲ್ ಅಳೆಯುವವರು ಯಾರು? ಹಳೆಯ ಕಾರಿಗೆ ನಾಜಲ್ ಆರಿಸುವ ಮುನ್ನ

ಹೊಸಕೋಟೆಯ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಡೀಸೆಲ್ ಎಂಜಿನ್ನಿನ ಹಲವು ತಲೆಮಾರುಗಳು ಒಟ್ಟಿಗೇ ಓಡುತ್ತಿವೆ. ಇದೇ ಹೊಸಕೋಟೆ ತಾಲ್ಲೂಕಿನಲ್ಲಿ ವೋಲ್ವೊ ಟ್ರಕ್ಕುಗಳು ತಯಾರಾಗುತ್ತವೆ. ಹಳೇ ಮದ್ರಾಸ್ ರಸ್ತೆಗೆ ಬಂದರೆ ಇನ್ನೋವಾಗಳ ನಡುವೆ ಕ್ವಾಲಿಸ್, ಸುಮೋ, ಇಂಡಿಕಾಗಳೂ ಕಾಣಸಿಗುತ್ತವೆ. 10 ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಹೇರಿದಂಥ ನಿಷೇಧ ನಮ್ಮಲ್ಲಿಲ್ಲ. 15 ವರ್ಷ ತುಂಬಿದ ಕಾರು ಎಫ್‌ಸಿ ಪಾಸಾದರೆ ಮತ್ತೆ 5 ವರ್ಷ ರಸ್ತೆಯಲ್ಲಿರಬಹುದು. ಹಾಗಾಗಿ ಹೊಗೆ ಜಾಸ್ತಿಯಾಗಿ ಪಿಕಪ್ ಬಿದ್ದುಹೋದಾಗ 'ನಾಜಲ್ ಬದಲಾಯಿಸಿ' ಎಂಬ ಸಲಹೆ ಇಲ್ಲಿ ಇಂದಿಗೂ ದಿನನಿತ್ಯದ ಮಾತು. ಯಾವ ಕಂಪನಿಯದು, ಎಷ್ಟು ರೂಪಾಯಿ ಎಂದು ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಎಂಜಿನ್ನಿನಲ್ಲಿ ಡೀಸೆಲ್ಲನ್ನು ಅಳೆಯುವುದು ಯಾರ ಕೆಲಸ, ಅದನ್ನು ಗಾಳಿಯಲ್ಲಿ ಬೆರೆಸುವುದು ಯಾರ ಕೆಲಸ? ಇದರ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ನಾಜಲ್ ಆಯ್ಕೆಯಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಒಂದು ಕಾಲದ ಉತ್ತರವನ್ನು ಇನ್ನೊಂದು ಕಾಲದ ಎಂಜಿನ್ನಿಗೆ ಅಂಟಿಸುವುದರಿಂದ ಆಗುತ್ತವೆ ಎಂಬುದು ನನ್ನ ವಾದ.

ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಕಟ್ಟಿದ ಎಂಜಿನ್ನಿನಲ್ಲಿ ಇಂಧನವನ್ನು ಸಿಲಿಂಡರಿನೊಳಕ್ಕೆ ಊದುತ್ತಿದ್ದದ್ದು ಒತ್ತಿ ತುಂಬಿದ ಗಾಳಿ. ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕಿತ್ತು; ಕಾರಿನಲ್ಲಿ ಕೂರುವ ಸಾಮಾನು ಅದಲ್ಲ. ಬೆಂಜ್ ಕಂಪನಿಯ ಪ್ರಾಸ್ಪರ್ ಲೋರಾಂಜ್ 1909ರಲ್ಲಿ ಸಿಲಿಂಡರ್ ಹೆಡ್‌ನಲ್ಲೇ ಒಂದು ಪುಟ್ಟ ಕೋಣೆ ಮಾಡಿ, ಉರಿಯನ್ನು ಮೊದಲು ಅಲ್ಲಿ ಹೊತ್ತಿಸುವ ದಾರಿ ತೋರಿದರು. 1927ರಲ್ಲಿ ರಾಬರ್ಟ್ ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. 1936ರ ಮರ್ಸಿಡಿಸ್ 260 ಡಿ ಕಾರಿನಲ್ಲಿ ಈ ಎರಡೂ ಒಂದಾದವು. ಈ ಏರ್ಪಾಡಿನಲ್ಲಿ ಡೀಸೆಲ್ ಅಳೆಯುವುದು ಪಂಪ್, ಬೆರೆಸುವುದು ಆ ಪುಟ್ಟ ಕೋಣೆಯೊಳಗೆ ಸುತ್ತುವ ಬಿಸಿ ಗಾಳಿ. ನಾಜಲ್‌ಗೆ ಉಳಿದದ್ದು ಸಣ್ಣ ಕೆಲಸ: ನಿಗದಿಯಾದ ಒತ್ತಡ ಬರುವವರೆಗೆ ಬಾಯಿ ಬಿಡದೆ, ಬಂದೊಡನೆ ತೆರೆದು, ಮುಗಿದೊಡನೆ ಒಂದು ಹನಿಯೂ ಸೋರದಂತೆ ಮುಚ್ಚಿಕೊಳ್ಳುವುದು. ಆ ಒತ್ತಡ ಸಾಮಾನ್ಯವಾಗಿ 100ರಿಂದ 150 ಬಾರ್. ನೀಡಲ್‌ನ ತುದಿಯ ಚಿಕ್ಕ ಕಡ್ಡಿ ತೂತಿನಲ್ಲೇ ಆಡುವ ಈ ಪಿಂಟಲ್ ನಾಜಲ್ ತನ್ನ ಬಾಯಿಯ ಮಸಿಯನ್ನು ಬಹುಮಟ್ಟಿಗೆ ತಾನೇ ಕೆರೆದುಕೊಳ್ಳುತ್ತದೆ.

ನಮ್ಮ ಊರುಗಳಿಗೆ ಈ ತಂತ್ರ ಬಂದದ್ದು ಬೆಂಗಳೂರಿನ ಮೂಲಕವೇ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಮೈಕೊ, ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿತು. ಮುಂದೆ ನಾಜಲ್‌ಗಳು ನಾಸಿಕ್‌ನಲ್ಲೂ ತಯಾರಾದವು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆದರೂ ಮೆಕ್ಯಾನಿಕ್‌ಗಳು ಇಂದಿಗೂ ಮೈಕೊ ಪಂಪ್ ಎಂದೇ ಕರೆಯುತ್ತಾರೆ. ಡೀಸೆಲ್ ಅಂಬಾಸಿಡರ್, 1994ರ ಸುಮೋ, 1998ರ ಇಂಡಿಕಾ, ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸ್, ಎಲ್ಲವೂ ಕೋಣೆಯಲ್ಲಿ ಬೆರೆಸುವ ಎಂಜಿನ್ನಿನವೇ. ಈ ಕಾರುಗಳು ಅಷ್ಟು ಕಾಲ ತಾಳಿದ್ದಕ್ಕೆ ಇದೂ ಒಂದು ಕಾರಣ: ನಾಜಲ್ ತುಸು ಸವೆದರೂ ಕೋಣೆ ಆ ದೋಷವನ್ನು ಸಾಕಷ್ಟು ನುಂಗಿಕೊಳ್ಳುತ್ತಿತ್ತು.

ಮುಂದಿನ ಹೆಜ್ಜೆಯಲ್ಲಿ ಆ ಕೋಣೆಯೇ ಹೋಯಿತು. ಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಡೀಸೆಲ್ ನೇರ ಪಿಸ್ಟನ್ ತಲೆಯ ಬಟ್ಟಲಿಗೆ ಬೀಳಬೇಕು. ಆದ್ದರಿಂದ ಬೆರೆಸುವ ಹೊಣೆ ನಾಜಲ್‌ನ ಸಣ್ಣ ತೂತುಗಳ ಮೇಲೆ ಬಂತು. ನಾಜಲ್‌ನ ಮೈಮೇಲೆ ಕೊರೆದ 'ಡಿಎಲ್‌ಎಲ್‌ಎ 150 ಪಿ' ಎಂಬಂಥ ಗುರುತಿನಲ್ಲಿ 150 ಎಂದರೆ ಸಿಂಪಡಣೆಯ ಕೋನ; ಕೋನ ತಪ್ಪಿದರೆ ಡೀಸೆಲ್ ಬಟ್ಟಲಿನ ಅಂಚಿಗೋ ಸಿಲಿಂಡರ್ ಗೋಡೆಗೋ ಬಡಿಯುತ್ತದೆ. 1997ರಲ್ಲಿ ಆಲ್ಫಾ ರೋಮಿಯೋ 156ರೊಂದಿಗೆ ಕಾರುಗಳಿಗೆ ಕಾಮನ್ ರೈಲ್ ಬಂದಾಗ ಅಳೆಯುವ ಕೆಲಸವೂ ಕೈ ಬದಲಾಯಿಸಿತು. ಒತ್ತಡ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಆದ ಕೊಳವೆಯಲ್ಲಿ, ಅಂದರೆ ರೈಲಿನಲ್ಲಿ, ಸದಾ ಸಿದ್ಧ, ಮೊದಲ ತಲೆಮಾರಿನಲ್ಲೇ 1350 ಬಾರ್‌ವರೆಗೆ. ನಾಜಲ್ ಎಷ್ಟು ಹೊತ್ತು ತೆರೆದಿರಬೇಕೆಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೇಳುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಹೋಗುತ್ತದೆ ಎಂಬುದನ್ನು ತೂತಿನ ಅಳತೆ ತೀರ್ಮಾನಿಸುತ್ತದೆ. 2005ರಲ್ಲಿ ಬಿಡದಿಯಿಂದ ಕಾಮನ್ ರೈಲ್ ಎಂಜಿನ್ನಿನ ಇನ್ನೋವಾ ಹೊರಟಾಗ ಕ್ವಾಲಿಸ್‌ನ ಜಾಗಕ್ಕೆ ಬಂದದ್ದು ಹೀಗೆ ಪೂರಾ ಬೇರೆಯೇ ಆದ ಲೆಕ್ಕಾಚಾರ.

ಈ ಬೆಳವಣಿಗೆ ಗೊತ್ತಿದ್ದರೆ 'ಒಂದು ಸೈಜ್ ದೊಡ್ಡ ನಾಜಲ್ ಹಾಕಿಸಿ, ಗಾಡಿ ಎಳೆಯುತ್ತದೆ' ಎಂಬ ಮಾತಿನ ನಿಜ ತಿಳಿಯುತ್ತದೆ. ಕಾಮನ್ ರೈಲ್‌ನಲ್ಲಿ ಅದು ಅರೆನಿಜ: ತೂತು ದೊಡ್ಡದಾದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಹೋಗುತ್ತದೆ, ಜೊತೆಗೆ ಹೊಗೆಯೂ ಪಿಸ್ಟನ್ ಬಿಸಿಯೂ ಏರುತ್ತವೆ. ಕ್ವಾಲಿಸ್, ಇಂಡಿಕಾಗಳಲ್ಲಿ ಅದು ಪೂರ್ತಿ ಸುಳ್ಳು. ಅಲ್ಲಿ ಪಂಪ್ ಅಳೆದು ಕಳಿಸಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಯಾವ ನಾಜಲ್‌ನಿಂದಲೂ ಬರುವುದಿಲ್ಲ. ಬಾಯಿ ಹಿರಿದಾದರೆ ಅದೇ ಡೀಸೆಲ್ ದಪ್ಪ ಹನಿಯಾಗಿ ಬೀಳುತ್ತದೆ, ಅಷ್ಟೆ. ದೊಡ್ಡ ನಾಜಲ್ ಹಾಕಿಸಿದ ಮೇಲೆ ಗಾಡಿ ನಿಜಕ್ಕೂ ಚುರುಕಾಯಿತು ಎನ್ನುವವರಿದ್ದಾರೆ. ಅವರ ಅನುಭವವನ್ನು ಅಲ್ಲಗಳೆಯಬೇಕಿಲ್ಲ. ಸವೆದು ಸೋರುತ್ತಿದ್ದ ಹಳೆಯ ನಾಜಲ್ ಹೋಗಿ ಹೊಸದು ಬಂದರೆ ಚುರುಕು ಬರಲೇಬೇಕು. ಸರಿಯಾದ ನಂಬರಿನದು ಹಾಕಿಸಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು.

ಹಾಗಾದರೆ ಆಯ್ಕೆ ಎಂದರೇನು? ಹಳೆಯ ನಾಜಲ್‌ನ ಮೈಮೇಲಿನ ನಂಬರನ್ನು ಒರೆಸಿ ಓದಿ, ಕಾರಿನ ಮ್ಯಾನುವಲ್‌ನೊಂದಿಗೆ ಹೋಲಿಸಿ, ಅದನ್ನೇ ತರುವುದು. ಮ್ಯಾನುವಲ್ ನೋಡಲೇಬೇಕು, ಹಿಂದಿನ ಮಾಲೀಕರು ತಪ್ಪು ನಂಬರಿನದನ್ನು ಹಾಕಿಸಿರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದೇ ನಂಬರಿನ ಸಾಮಾನು ಹಲವು ಬೆಲೆಗಳಲ್ಲಿ ಸಿಗುತ್ತದೆ, ಹೆಸರಾಂತ ಡಬ್ಬಿಗಳ ನಕಲೂ ಸಿಗುತ್ತದೆ. ಹೀಗಿರುವಾಗ ಬ್ರ್ಯಾಂಡ್‌ನ ಹೆಸರಿಗಿಂತ ನನಗೆ ಭರವಸೆ ಕೊಡುವುದು ಟೆಸ್ಟರ್ ಮೇಲಿನ ಪರೀಕ್ಷೆ. ನಾಜಲ್ ಕೂರಿಸಿದ ಇಂಜೆಕ್ಟರನ್ನು ಟೆಸ್ಟರಿನ ಕೈಪಂಪಿಗೆ ಸಿಕ್ಕಿಸಿ ಹಿಡಿಕೆ ಒತ್ತಿದರೆ ಮೀಟರಿನ ಮುಳ್ಳು ಏರುತ್ತ ಹೋಗಿ ಒಮ್ಮೆಲೇ ಕುಸಿಯಬೇಕು. ಅದೇ ಕ್ಷಣ ತುದಿಯಿಂದ ನೇರವಾದ, ನಯವಾದ ಮಂಜು ಚಿಮ್ಮಬೇಕು, ಕರ್‌ಕರ್ ಎಂಬ ಸದ್ದು ಕೇಳಬೇಕು. ಮುಳ್ಳನ್ನು ತೆರೆಯುವ ಒತ್ತಡಕ್ಕಿಂತ ಸುಮಾರು 20 ಬಾರ್ ಕೆಳಗೆ 10 ಸೆಕೆಂಡ್ ನಿಲ್ಲಿಸಿದಾಗ ತುದಿಯಿಂದ ಹನಿ ಉದುರಬಾರದು. ಮಂಜಿಗೆ ಯಾರೂ ಬೆರಳು ಒಡ್ಡಬಾರದು, ಅದು ಚರ್ಮ ತೂರಿ ಒಳಹೊಕ್ಕು ಕೈಯನ್ನೇ ಕಳೆಯಬಲ್ಲದು. ಹೊಸ ನಾಜಲ್‌ಗಳನ್ನೂ ಹೀಗೆ ನೋಡಿ, ಶಿಮ್ (ತೆಳು ಬಿಲ್ಲೆ) ಹಾಕಿ ನಾಲ್ಕೂ ಸಿಲಿಂಡರುಗಳ ನಾಜಲ್ ಒತ್ತಡವನ್ನು ಒಂದೇ ಮಟ್ಟಕ್ಕೆ ತರಬೇಕು. ಸ್ಪ್ರಿಂಗ್ ಸಡಿಲವಾಗಿ ಒತ್ತಡ ಇಳಿದ ಸಿಲಿಂಡರಿಗೆ ಡೀಸೆಲ್ ಬೇಗ ಬೀಳುತ್ತದೆ, ಎಂಜಿನ್ ಬಡಿಯುತ್ತದೆ. ಕೆಟ್ಟದ್ದೊಂದನ್ನೇ ಬದಲಿಸಿದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಉಳಿದ ಮೂರು ಟೆಸ್ಟರ್‌ನಲ್ಲಿ ಪಾಸಾದರೆ ಸಾಕು. ಅಷ್ಟೇ ದೂರ ಓಡಿದ ಅವು ಪಾಸಾಗುವುದು ಅಪರೂಪ. ನೀಡಲ್ ಮತ್ತು ಬಾಡಿಯನ್ನು ಕೆಲವೇ ಮೈಕ್ರಾನ್ ಸಂದಿಗೆ ಜೋಡಿಯಾಗಿ ಉಜ್ಜಿ ಕೂರಿಸಿರುತ್ತಾರೆ. ಒಂದರ ನೀಡಲ್ಲನ್ನು ಇನ್ನೊಂದಕ್ಕೆ ಹಾಕುವ ಉಳಿತಾಯ ಮಾತ್ರ ಬೇಡ.

ಈಗಿನ ಡೀಸೆಲ್ಲೇ ಹಳೆಯ ನಾಜಲ್ ಕೆಡಿಸುತ್ತದೆ ಎಂಬ ದೂರೂ ಇದೆ. ಅದರ ಹಿಂದೆ ತರ್ಕವಿದೆ. 1990ರ ದಶಕದ ಮಧ್ಯಭಾಗದವರೆಗೆ 10,000 ಪಿಪಿಎಂ ತನಕ ಇರುತ್ತಿದ್ದ ಗಂಧಕದ ಮಿತಿ 2020ರಿಂದ 10 ಪಿಪಿಎಂ. ಗಂಧಕ ತೆಗೆಯುವಾಗ ಡೀಸೆಲ್‌ನ ಜಿಡ್ಡಿನ ಗುಣವೂ ಕುಗ್ಗುತ್ತದೆ. ಆದರೆ ರಿಫೈನರಿಗಳು ಅದಕ್ಕೆ ಬೇಕಾದ ಅಡಿಟಿವ್ ಸೇರಿಸಿಯೇ ಕಳಿಸುತ್ತವೆ, ಜಿಡ್ಡಿಗೂ ಮಾನದಂಡವಿದೆ. ನೀಡಲ್ ಹಿಡಿದುಕೊಳ್ಳುವಂತೆ ಮಾಡುವುದು ಹೆಚ್ಚಾಗಿ ಟ್ಯಾಂಕಿನಲ್ಲಿ ನಿಂತ ನೀರು, ಕಾಲಕ್ಕೆ ಬದಲಿಸದ ಫಿಲ್ಟರ್. ಸೋಸಿದ ಹಸಿ ಹೊಂಗೆ ಎಣ್ಣೆಯನ್ನು ಕಾರಿಗೆ ಸುರಿಯುವುದಂತೂ ತರವಲ್ಲ. ಡೀಸೆಲ್‌ಗಿಂತ ಹಲವು ಪಟ್ಟು ಮಂದವಾದ ಅದು ತುದಿಯಲ್ಲಿ ಮಸಿ ಕಟ್ಟುತ್ತದೆ.

ಹೊಸಕೋಟೆ ಕಡೆ ಇನ್ನು ಮುಂದೆ ಹಳೆಯ ಡೀಸೆಲ್ ಕಾರು ಎಂದರೆ ಮೊದಲ ವರ್ಷಗಳ ಇನ್ನೋವಾಗಳೇ. ಅವುಗಳ ಇಂಜೆಕ್ಟರನ್ನು ಕೈಪಂಪಿನಲ್ಲಿ ನೋಡಿ 'ಸರಿಯಿದೆ' ಎನ್ನುವುದರಲ್ಲಿ ಅರ್ಥವಿಲ್ಲ. ಅವುಗಳಿಗೆ ರಿಟರ್ನ್ ಪೈಪಿನಲ್ಲಿ ಮರಳುವ ಡೀಸೆಲ್ ಅಳೆಯಬೇಕು, ಕಾಮನ್ ರೈಲ್ ಬೆಂಚಿನ ಮೇಲೆ ಓಡಿಸಬೇಕು, ಹೊಸ ಇಂಜೆಕ್ಟರಿನ ಮೈಮೇಲಿರುವ ಕೋಡನ್ನು ಇಸಿಯುಗೆ ತುಂಬಬೇಕು. ನಾಜಲ್ ಒಂದನ್ನೇ ಬದಲಿಸಿಕೊಡುತ್ತೇವೆ ಎನ್ನುವ ಅಂಗಡಿಯವರನ್ನು ಈ ಮೂರರ ಬಗ್ಗೆ ಕೇಳಿ, ಬೆಂಚಿನಿಂದ ಬಂದ ರಿಪೋರ್ಟಿನ ಪ್ರತಿಯನ್ನು ಬಿಲ್‌ನೊಂದಿಗೆ ತೆಗೆದುಕೊಳ್ಳಬೇಕು.