ಹಳೆಯ ಜೀಪ್, ಜೋಂಗಾಗೆ ಮನೆಯಲ್ಲೇ ಮರುಜೀವ: ಬಾನೆಟ್ ತೆರೆಯುವ ಮುನ್ನ ಇದು ಗೊತ್ತಿರಲಿ

ಪುಣೆ: ತೋಟದ ಶೆಡ್‌ನಲ್ಲೋ ಗ್ಯಾರೇಜಿನ ಮೂಲೆಯಲ್ಲೋ ವರ್ಷಗಟ್ಟಲೆ ನಿಂತ ಹಳೆಯ ಜೀಪ್ ಕಂಡರೆ ಅನೇಕರ ಮನಸ್ಸು ಅಲ್ಲೇ ನಿಲ್ಲುತ್ತದೆ. ಅಗ್ಗಕ್ಕೆ ಕೊಂಡು ಮನೆಯಂಗಳದಲ್ಲೇ ರಿಪೇರಿ ಮಾಡಿ, ಮಳೆಗಾಲದಲ್ಲಿ ಸಹ್ಯಾದ್ರಿಯ ಘಾಟಿ ಹತ್ತಿಸಬೇಕೆಂಬ ಆಸೆ ಹುಟ್ಟುತ್ತದೆ. ಆದರೆ ಇಂಥ ಯೋಜನೆಗಳು ಅರ್ಧಕ್ಕೆ ನಿಲ್ಲುವುದಕ್ಕೆ ಎಂಜಿನ್ ಒಂದೇ ಕಾರಣವಲ್ಲ. ಕಾಗದಪತ್ರ ಸರಿಯಿಲ್ಲದೆ, ಅಥವಾ ನಿಯಮ ತಿಳಿಯದೆ ಮಾಡಿದ ಒಂದು ಬದಲಾವಣೆಯಿಂದ, ರಿಪೇರಿ ಮುಗಿದ ವಾಹನವೂ ರಸ್ತೆಗೆ ಇಳಿಯದೆ ಉಳಿಯಬಹುದು. ಹಳೆಯ ಫೋರ್ ವೀಲ್ ಡ್ರೈವ್ ವಾಹನಕ್ಕೆ ಮರುಜೀವ ಕೊಡುವವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಯಾವ ವಾಹನಗಳಿವು?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪ್‌ಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಕೆಲವು ಭಾರತದಲ್ಲೇ ಉಳಿದವು. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ಬಿಡಿಭಾಗಗಳನ್ನು ತರಿಸಿ ಮುಂಬೈನ ಮಜಗಾಂವ್‌ನಲ್ಲಿ ಜೀಪ್ ಜೋಡಿಸಲು ಆರಂಭಿಸಿತು. ಮುಂದೆ ‘ಸಿಜೆ-3ಬಿ’ ಮಾದರಿ ದಶಕಗಳ ಕಾಲ ಇಲ್ಲೇ ತಯಾರಾಯಿತು. ಇದರ ಬಾನೆಟ್ ಎತ್ತರವಾಗಿರುವುದಕ್ಕೆ ಕಾರಣ ಒಳಗಿನ 2.2 ಲೀಟರ್‌ನ ‘ಹರಿಕೇನ್’ ಪೆಟ್ರೋಲ್ ಎಂಜಿನ್. ಯುದ್ಧಕಾಲದ ಜೀಪ್‌ನಲ್ಲಿ ಎಲ್ಲ ವಾಲ್ವ್‌ಗಳೂ ಎಂಜಿನ್ ಬ್ಲಾಕ್‌ನಲ್ಲಿದ್ದರೆ, ಹರಿಕೇನ್‌ನಲ್ಲಿ ಇಂಟೇಕ್ ವಾಲ್ವ್‌ಗಳು ಮೇಲಿನ ಹೆಡ್‌ಗೆ ಬಂದವು. ಎಂಜಿನ್ ಎತ್ತರವಾಯಿತು, ಬಾನೆಟ್ ಕೂಡ ಮೇಲೇರಿತು.

ಇನ್ನೊಂದು ಹೆಸರು ಜೋಂಗಾ. ನಿಸಾನ್ ಪ್ಯಾಟ್ರೋಲ್ ಎಂಬ ಜಪಾನಿ ವಾಹನವನ್ನು ಆಧರಿಸಿ ಜಬಲ್ಪುರದ ವೆಹಿಕಲ್ ಫ್ಯಾಕ್ಟರಿ ಇದನ್ನು 1969ರಿಂದ 1999ರವರೆಗೆ ಸೇನೆಗಾಗಿ ತಯಾರಿಸಿತು. ‘ಜಬಲ್ಪುರ್ ಆರ್ಡ್ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ’ ಎಂಬುದರ ಸಂಕ್ಷಿಪ್ತ ರೂಪವೇ ಜೋಂಗಾ. ಸುಮಾರು 4 ಲೀಟರ್ ಸಾಮರ್ಥ್ಯದ, ಆರು ಸಿಲಿಂಡರ್‌ಗಳ ಪೆಟ್ರೋಲ್ ಎಂಜಿನ್ ಇದರದ್ದು. ಶಕ್ತಿ ಹೆಚ್ಚು, ಪೆಟ್ರೋಲ್ ಖರ್ಚೂ ಹೆಚ್ಚು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ರಾಂಚಿಯಲ್ಲಿ ಜೋಂಗಾ ಓಡಿಸಿದ ಸುದ್ದಿ ಬಂದಾಗ ಹೊಸ ಪೀಳಿಗೆಗೂ ಇದರ ಪರಿಚಯವಾಯಿತು.

ಈ ವಾಹನಗಳ ಮೇಲಿನ ಅಭಿಮಾನಕ್ಕೆ ಇತಿಹಾಸವೂ ಕಾರಣ. 1965ರ ಯುದ್ಧದಲ್ಲಿ ಖೇಮ್‌ಕರಣ್ ವಲಯದಲ್ಲಿ ಅಬ್ದುಲ್ ಹಮೀದ್ ಶತ್ರು ಟ್ಯಾಂಕ್‌ಗಳನ್ನು ಧ್ವಂಸ ಮಾಡಿದ್ದು ಜೀಪ್ ಮೇಲೆ ಅಳವಡಿಸಿದ್ದ ರಿಕಾಯಿಲ್‌ಲೆಸ್ ಗನ್‌ನಿಂದ. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಸಂದಿತು.

ಪುಣೆಯಲ್ಲಿ ಈ ಕೆಲಸ ಸುಲಭ ಏಕೆ?

ಮನೆಯಲ್ಲಿ ರಿಪೇರಿ ಎಂದರೂ ಎಲ್ಲವನ್ನೂ ಮನೆಯಲ್ಲೇ ಮಾಡಲಾಗದು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಸ್ಯಾಂಡ್ ಬ್ಲಾಸ್ಟಿಂಗ್ ಕೆಲಸಗಳಿಗೆ ಯಂತ್ರ ಬೇಕು, ಕೈ ಪಳಗಿದವರೂ ಬೇಕು. ಟಾಟಾ ಮೋಟಾರ್ಸ್, ಬಜಾಜ್, ಫೋರ್ಸ್ ಮೋಟಾರ್ಸ್ ಕಾರ್ಖಾನೆಗಳಿರುವ ಪಿಂಪ್ರಿ-ಚಿಂಚವಾಡ, ಆಕುರ್ಡಿ, ಭೋಸರಿ ಸುತ್ತಮುತ್ತ ಲೇತ್ ಶಾಪ್‌ಗಳು ಮತ್ತು ತಗಡು ಕೆಲಸದ ಘಟಕಗಳಿಗೆ ಕೊರತೆಯಿಲ್ಲ. ನಾನಾ ಪೇಠ್‌ನಲ್ಲಿ ವಾಹನ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರ್‌ನಲ್ಲಿ ಹಳೆಯ ಸ್ಪ್ಯಾನರ್, ಜಾಕ್, ಮೀಟರ್‌ಗಳು ಸಿಗುತ್ತವೆ. ಮಹೀಂದ್ರಾ ಜೀಪ್‌ಗಳು ದೀರ್ಘಕಾಲ ತಯಾರಾಗಿದ್ದರಿಂದ ಅವುಗಳ ಬಿಡಿಭಾಗ ಹುಡುಕುವುದು ಅಷ್ಟು ಕಷ್ಟವಲ್ಲ. ಜೋಂಗಾದ ಭಾಗಗಳಿಗೆ ಮಾತ್ರ ಸೇನೆಯ ವಿಲೇವಾರಿ ಸಾಮಗ್ರಿ ಮಾರುವವರನ್ನೇ ಹುಡುಕಬೇಕು.

ಮೊದಲ ಕೆಲಸ ಕಾಗದಪತ್ರ ಪರಿಶೀಲನೆ

ಹಣ ಕೊಡುವ ಮುನ್ನ ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯನ್ನು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ತುಕ್ಕಿನಲ್ಲಿ ಅಂಕಿ ಮಾಸಿದ್ದರೆ, ಹೊಸ ತಗಡು ಬೆಸೆದಿದ್ದರೆ, ಇಂಧನದ ಕಾಲಂನಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಎಂಜಿನ್ ಕುಳಿತಿದ್ದರೆ ಅಲ್ಲೇ ನಿಲ್ಲುವುದು ಒಳಿತು.

ಕರ್ನಾಟಕದಿಂದ ಕೊಳ್ಳುವವರು ಇನ್ನೊಂದು ಹೆಜ್ಜೆ ಇಡಬೇಕು. ಮಾಂದಲಪಟ್ಟಿಯ ಏರಿಯಲ್ಲೂ ಕಾಫಿ ತೋಟಗಳಲ್ಲೂ ದುಡಿದ ಕೊಡಗಿನ ಕೆಎ-12 ಜೀಪ್ ಪುಣೆಯ ಎಂಎಚ್-12 ಆಗಬೇಕಾದರೆ ಮೂಲ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು, ತೆರಿಗೆಯನ್ನೂ ಕಟ್ಟಬೇಕು.

ಸೇನೆಯ ವಾಹನಗಳ ಕಥೆ ಬೇರೆ. ಬಾಣದ ಗುರುತಿನಿಂದ ಕೂಡಿದ ಅವುಗಳ ಸಂಖ್ಯೆ ಆರ್‌ಟಿಒ ಕೊಟ್ಟಿದ್ದಲ್ಲ. ಹರಾಜಿನಲ್ಲಿ ಮಾರಾಟವಾದ ಇಂಥ ವಾಹನವನ್ನು ಮೊದಲ ಖರೀದಿದಾರ ಆರ್‌ಟಿಒದಲ್ಲಿ ನೋಂದಾಯಿಸಿರಬೇಕು. ನೋಂದಣಿಯೂ ಇಲ್ಲ, ಹರಾಜಿನ ಮೂಲ ಪತ್ರಗಳೂ ಇಲ್ಲ ಎಂದರೆ ಅದನ್ನು ಬಿಡಿಭಾಗಗಳ ಮೂಲ ಎಂದಷ್ಟೇ ಪರಿಗಣಿಸಬೇಕು.

ಓಡಿಸಲೋ, ಕಾಪಾಡಲೋ?

ಬಾನೆಟ್ ತೆರೆಯುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ವಾಹನವನ್ನು ಆಗಾಗ ರಸ್ತೆಯಲ್ಲಿ ಓಡಿಸಬೇಕೆಂದರೆ ಸಾಮಾನ್ಯ ನೋಂದಣಿಯ ದಾರಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಆರ್‌ಟಿಒ ತಪಾಸಣೆಯಲ್ಲಿ ಉತ್ತೀರ್ಣವಾದರೆ 5 ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ಮೀರಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ಮಹಾರಾಷ್ಟ್ರದಲ್ಲಿ ಹಳೆಯ ವಾಹನಗಳಿಗೆ ಪರಿಸರ ತೆರಿಗೆಯೂ ಇದೆ.

ಎರಡನೆಯದು ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸುವ ವಾಹನಕ್ಕೆ ‘ವಿಎ’ ಸರಣಿಯ ಸಂಖ್ಯೆ ಸಿಗುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು ಮತ್ತು ರಿಪೇರಿಗಷ್ಟೇ ರಸ್ತೆಗಿಳಿಸಬಹುದು. 1970ರ ಸಿಜೆ-3ಬಿ ಈ ಪಟ್ಟಿಗೆ ಸೇರಬಹುದು. 1990ರ ಜೋಂಗಾ ಎಷ್ಟೇ ಹಳೆಯದಾಗಿ ಕಂಡರೂ ಸದ್ಯಕ್ಕೆ ಸೇರದು.

ಡೀಸೆಲ್ ಎಂಜಿನ್ ಹಾಕಿದರೆ?

ಹಳೆಯ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸುವುದು ದೇಶದೆಲ್ಲೆಡೆ ನಡೆದುಬಂದ ರೂಢಿ. ಇಂಧನ ಉಳಿಯುತ್ತದೆ, ಮೆಕ್ಯಾನಿಕ್‌ಗಳಿಗೂ ಅದೇ ಪರಿಚಿತ. ಆದರೆ ವಿಂಟೇಜ್ ನಿಯಮದ ಪ್ರಕಾರ ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಬದಲಾವಣೆಯಾದ ವಾಹನಕ್ಕೆ ಮಾನ್ಯತೆಯಿಲ್ಲ. ಸಾಮಾನ್ಯ ನೋಂದಣಿಯಲ್ಲೂ ಆರ್‌ಟಿಒ ಅನುಮತಿಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ. ತಯಾರಕರು ನಿಗದಿಪಡಿಸಿದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಮೂಲ ಎಂಜಿನ್ ಕೆಟ್ಟಿದ್ದರೂ ಗುಜರಿಗೆ ಹಾಕಬಾರದು. ಸಂಖ್ಯೆ ಇರುವ ಆ ಬ್ಲಾಕ್ ವಾಹನದ ಗುರುತಿನ ಚೀಟಿ ಇದ್ದಂತೆ.

ಚಾಸಿ ಮತ್ತು ತಗಡು

ಬಿಚ್ಚುವ ಮುನ್ನ ಪ್ರತಿ ಭಾಗದ ಫೋಟೊ ತೆಗೆಯಿರಿ. ಬೋಲ್ಟ್‌ಗಳನ್ನು ಚೀಟಿ ಅಂಟಿಸಿದ ಬೇರೆ ಬೇರೆ ಡಬ್ಬಿಗಳಲ್ಲಿಡಿ. ಆರು ತಿಂಗಳ ನಂತರ ಯಾವ ಬೋಲ್ಟ್ ಎಲ್ಲಿಯದು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಜೀಪ್‌ನಲ್ಲಿ ತುಕ್ಕು ಮೊದಲು ಹಿಡಿಯುವುದು ಕಾಲಿಡುವ ಜಾಗ, ಸೀಟಿನ ಕೆಳಗಿನ ತಗಡು ಮತ್ತು ಬಾಡಿ ಚಾಸಿಯ ಮೇಲೆ ಕೂರುವ ಕಡೆ. ತಗಡನ್ನು ಕತ್ತರಿಸಿ ಹೊಸದು ಬೆಸೆಯಬಹುದು. ಚಾಸಿಯ ಬಿರುಕು, ಅದರಲ್ಲೂ ಲೀಫ್ ಸ್ಪ್ರಿಂಗ್ ಕೂರುವ ಬ್ರ್ಯಾಕೆಟ್ ಬಳಿಯದ್ದು, ಅನುಭವಿ ವೆಲ್ಡರ್‌ಗೇ ಬಿಡಬೇಕಾದ ಕೆಲಸ. ಬಾಡಿ ಎತ್ತಿದಾಗ ಕೇವಲ ಜಾಕ್ ನಂಬಿ ಕೆಳಗೆ ನುಗ್ಗಬಾರದು. ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಖಾಲಿ ಪೆಟ್ರೋಲ್ ಟ್ಯಾಂಕ್‌ಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವುದಂತೂ ಜೀವಕ್ಕೆ ಅಪಾಯ. ಒಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು.

ಪುಣೆಯ ಮಳೆಗಾಲದಲ್ಲಿ ಬಣ್ಣ ತೆಗೆದ ತಗಡು ರಾತ್ರೋರಾತ್ರಿ ತುಕ್ಕು ಹಿಡಿಯಬಹುದು. ಆದ್ದರಿಂದ ಬ್ಲಾಸ್ಟಿಂಗ್ ಮತ್ತು ಪ್ರೈಮರ್ ಕೆಲಸವನ್ನು ಅಕ್ಟೋಬರ್‌ನಿಂದ ಮೇ ನಡುವೆ ಇಟ್ಟುಕೊಂಡು, ಜೂನ್ ನಂತರ ಎಂಜಿನ್, ಗೇರ್‌ಬಾಕ್ಸ್ ಕಡೆ ಗಮನ ಹರಿಸುವುದು ಜಾಣತನ.

ಎಂಜಿನ್ ಮತ್ತು ಇಂದಿನ ಪೆಟ್ರೋಲ್

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ನೇರ ಬ್ಯಾಟರಿ ಕೊಟ್ಟು ತಿರುಗಿಸಬಾರದು. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ತುಸು ಎಣ್ಣೆ ಬಿಟ್ಟು, ಕೆಲ ದಿನ ಕಾದು, ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಬಿಚ್ಚಬೇಕೇ ಬೇಡವೇ ಎಂದು ನಿರ್ಧರಿಸಬಹುದು.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ಗ್ಯಾಸ್ಕೆಟ್‌ಗಳು ಇದಕ್ಕಾಗಿ ತಯಾರಾದವಲ್ಲ. ಅವು ಮೆತ್ತಗಾಗಿ ಸೋರಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬೀಳುತ್ತದೆ. ಎಥೆನಾಲ್ ನೀರಿನಂಶವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲುವ ವಾಹನದ ಟ್ಯಾಂಕಿಗೂ ತುಕ್ಕಿನ ಭಯ. ಎಥೆನಾಲ್ ತಡೆಯುವ ಹೊಸ ಪೈಪ್, ಡಯಾಫ್ರಂ ಹಾಕಿಸುವುದು ಕಡಿಮೆ ಖರ್ಚಿನ, ಆದರೆ ಮರೆಯಬಾರದ ಕೆಲಸ.

ಬ್ರೇಕ್ ವಿಷಯದಲ್ಲಿ ರಾಜಿ ಬೇಡ

ಹಳೆಯ ಜೀಪ್‌ಗಳ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಲೈನ್. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಹೀಗಾಗಿ ಪೈಪ್, ಹೋಸ್, ವೀಲ್ ಸಿಲಿಂಡರ್‌ಗಳನ್ನು ಒಟ್ಟಿಗೆ ಹೊಸದಾಗಿಸುವುದು ಸುರಕ್ಷಿತ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್‌ನ ಧೂಳನ್ನು ಗಾಳಿ ಹೊಡೆದು ತೆಗೆಯಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಯುದ್ಧಕಾಲದ ಜೀಪ್‌ನ ವಿದ್ಯುತ್ ವ್ಯವಸ್ಥೆ 6 ವೋಲ್ಟ್‌ನದು. ಬ್ಯಾಟರಿ, ಬಲ್ಬ್ ಕೊಳ್ಳುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು. ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಹಾಕಬಾರದು. ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲದ್ದರಿಂದ ತಿರುವಿನಲ್ಲಿ ಹಿಂದಿನ-ಮುಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಾಗದೆ ಗೇರ್ ಮತ್ತು ಆಕ್ಸಲ್ ಮೇಲೆ ಒತ್ತಡ ಬೀಳುತ್ತದೆ. ಕೆಸರು, ಮರಳು, ಸಡಿಲ ಕಲ್ಲಿನ ದಾರಿಗಷ್ಟೇ ಅದು.

ಸೇನೆಯ ಹಸಿರು ಬಣ್ಣ ಬಳಿಯುವಂತಿಲ್ಲ

ಕೆಲಸ ಮುಗಿಯುತ್ತಿದ್ದಂತೆ ಅನೇಕರು ಬಯಸುವುದು ಸೇನೆಯ ಆಲಿವ್ ಗ್ರೀನ್ ಬಣ್ಣ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರಾವ ವಾಹನಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಬೇರೆ ಬಣ್ಣ ಆಯ್ದುಕೊಂಡು, ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸಬೇಕು.

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಮೊದಲು ಕಾಗದಪತ್ರ, ನಂತರ ಚಾಸಿ, ಬ್ರೇಕ್, ಎಂಜಿನ್, ವೈರಿಂಗ್, ಬಣ್ಣ ಕೊನೆಗೆ. ಹಣ ಕಡಿಮೆ ಬಿದ್ದರೆ ಬಣ್ಣ ಮುಂದಿನ ವರ್ಷಕ್ಕೆ ಕಾಯಬಹುದು. ಬ್ರೇಕ್ ಮತ್ತು ಆರ್‌ಸಿ ಕಾಯುವುದಿಲ್ಲ.