ಓಕ್ ಹಲಗೆಯ ಕಪ್ಪು

ಮನೆಯ ಅಂದಚಂದಗಳನ್ನು ಕುರಿತು ಮಾತನಾಡುವಾಗ ನಾವು ಗೋಡೆಯನ್ನು ನೋಡುತ್ತೇವೆ, ಬಾಗಿಲನ್ನು ನೋಡುತ್ತೇವೆ, ಕಂಬಗಳ ಕೆತ್ತನೆಯನ್ನು ಮೆಚ್ಚುತ್ತೇವೆ. ನೆಲವನ್ನು ಮಾತ್ರ ತುಳಿದುಕೊಂಡು ಮುಂದೆ ಹೋಗುತ್ತೇವೆ. ಆದರೆ ಒಂದು ಕಾಲದ ಜನ ತಮ್ಮನ್ನು ತಾವು ಏನೆಂದು ಭಾವಿಸಿಕೊಂಡಿದ್ದರೆಂಬುದು ಅವರ ಕಾಲಡಿಯ ನೆಲದಲ್ಲಿಯೂ ಬರೆದಿರುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಅಂಥ ಒಂದು ನೆಲದ ಕಥೆಯನ್ನು. ಯೂರೋಪು, ಅಮೆರಿಕಗಳಲ್ಲಿ ಮನೆ, ಹೋಟೆಲು, ಕಚೇರಿಗಳ ಒಳಾಂಗಣವನ್ನು ರೂಪಿಸುವವರು ಆರಿಸಿಕೊಳ್ಳುವ ನೆಲಹಾಸುಗಳಲ್ಲಿ ಕಡುಗಪ್ಪು ಬಣ್ಣದ ಓಕ್ ಹಲಗೆಯೂ ಒಂದು. ನೋಡಿದರೆ ನಾಲ್ಕು ನೂರು ವರ್ಷ ಹಳೆಯದಾದ ಅರಮನೆಯ ನೆಲವೆನ್ನಬೇಕು; ಅದು ಕಾರ್ಖಾನೆಯಿಂದ ಬಂದು ನಾಲ್ಕು ವಾರವೂ ಆಗಿರುವುದಿಲ್ಲ. ಈ ಕಪ್ಪು ಎಲ್ಲಿಂದ ಬಂತು? ಇದನ್ನು ಬಯಸುವವರು ನಿಜವಾಗಿ ಬಯಸುವುದಾದರೂ ಏನನ್ನು?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಓಕ್ ಮರ ಕಪ್ಪಲ್ಲ. ಆಗತಾನೆ ಕೊಯ್ದ ಓಕ್ ಹಲಗೆಯದು ಒಣಹುಲ್ಲಿನ ಅಥವಾ ತಿಳಿಜೇನಿನ ಬಣ್ಣ. ಆದರೆ ಅದರ ಚೇಗಿನಲ್ಲಿ ಒಗರು ಹೇರಳವಾಗಿದೆ. ಈ ಒಗರನ್ನೇ ರಸಾಯನಶಾಸ್ತ್ರಜ್ಞರು ಟ್ಯಾನಿನ್ ಎಂದು ಕರೆಯುತ್ತಾರೆ. ಒಗರಿಗೂ ಕಬ್ಬಿಣಕ್ಕೂ ಇರುವ ಸಂಬಂಧವನ್ನು ನಮ್ಮ ಅಡುಗೆಮನೆಯಲ್ಲಿಯೇ ಕಾಣಬಹುದು. ನೆಲ್ಲಿಕಾಯಿಯನ್ನೋ ಬಾಳೆಕಾಯಿಯನ್ನೋ ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದವರ ಬೆರಳು ಕಪ್ಪಾಗುವುದಿಲ್ಲವೇ? ಓಕ್ ಹಲಗೆಗೆ ಹೊಡೆದ ಕಬ್ಬಿಣದ ಮೊಳೆಯ ಸುತ್ತ, ಮರ ನೆನೆದಾಗ, ಮೂಡುವ ಕಪ್ಪು ಕಲೆಯೂ ಅದೇ.

ಸಾಹಿತ್ಯಾಸಕ್ತರು ಗಮನಿಸಬೇಕಾದ ಮಾತೊಂದು ಇಲ್ಲಿದೆ. ಓಕ್ ಮರದ ಎಳೆಯ ಕೊಂಬೆಗೆ ಒಂದು ಬಗೆಯ ಕೀಟ ಚುಚ್ಚಿ ಮೊಟ್ಟೆಯಿಟ್ಟಾಗ ಅಲ್ಲಿ ಗುಂಡನೆಯ ಗಂಟು ಬೆಳೆಯುತ್ತದೆ. ನಮ್ಮ ಗ್ರಂಥಿಗೆಯಂಗಡಿಗಳಲ್ಲಿ ಮಾಚಿಕಾಯಿ ಎಂಬ ಹೆಸರಿನಿಂದ ಮಾರುವುದು ಇದನ್ನೇ. ಇದರ ಕಷಾಯಕ್ಕೆ ಅನ್ನಭೇದಿಯನ್ನೂ ಗೋಂದನ್ನೂ ಬೆರೆಸಿದರೆ ಕಪ್ಪು ಶಾಯಿ. ನೂರಾರು ವರ್ಷಗಳ ಕಾಲ ಯೂರೋಪು ತನ್ನ ಕಾವ್ಯವನ್ನೂ ಕಾನೂನನ್ನೂ ಲೆಕ್ಕವನ್ನೂ ಬರೆದದ್ದು ಬಹುಮಟ್ಟಿಗೆ ಈ ಶಾಯಿಯಿಂದ. ಸಂಗೀತಕಾರ ಬಾಖ್‌ನ ಹಸ್ತಪ್ರತಿಗಳಲ್ಲಿ ಇದೇ ಶಾಯಿ ಕಾಗದವನ್ನು ತಿಂದುಹಾಕಿರುವುದನ್ನೂ ಕಾಣುತ್ತೇವೆ. ಆದ್ದರಿಂದ ಓಕ್ ಹಲಗೆಯ ಕಪ್ಪು ಹೊರಗಿನಿಂದ ಬಳಿದ ಮಸಿಯೇ ಆಗಬೇಕಾಗಿಲ್ಲ. ಮರದೊಳಗೇ ಅಡಗಿದ್ದ ಶಾಯಿ ಹೊರಬಿದ್ದದ್ದೂ ಆಗಿರಬಹುದು.

ಈ ಕೆಲಸವನ್ನು ಪ್ರಕೃತಿ ಮಾಡುವಾಗ ಅದಕ್ಕೆ ಅವಸರವಿಲ್ಲ. ಇಂಗ್ಲೆಂಡಿನ ಪೂರ್ವಭಾಗದ ಜವುಗು ನೆಲದಲ್ಲಿ, ಸಾವಿರಾರು ವರ್ಷಗಳ ಹಿಂದೆ ಉರುಳಿಬಿದ್ದ ಓಕ್ ಮರಗಳು ಗಾಳಿ ಸೋಕದೆ ಹೂತುಹೋಗಿವೆ. ನೀರಿನಲ್ಲಿ ಕರಗಿದ ಕಬ್ಬಿಣದ ಅಂಶ ಮೆಲ್ಲಮೆಲ್ಲನೆ ಒಳಗಿಳಿದು ಅವುಗಳನ್ನು ತಿರುಳಿನವರೆಗೆ ಕಪ್ಪಾಗಿಸಿದೆ. 2012ರಲ್ಲಿ ನಾರ್ಫಕ್ ಪ್ರಾಂತದ ಹೊಲವೊಂದರಲ್ಲಿ ಸಿಕ್ಕಿದ ಇಂಥ ಒಂದು ದಿಮ್ಮಿ ಸುಮಾರು 5,000 ವರ್ಷ ಹಳೆಯದು. ಅದನ್ನು ಹಲಗೆಯಾಗಿ ಕೊಯ್ದು, ಬಹು ಎಚ್ಚರಿಕೆಯಿಂದ ಒಣಗಿಸಿ, ಸುಮಾರು 13 ಮೀಟರ್ ಉದ್ದದ ಮೇಜೊಂದನ್ನು ಮಾಡಿ 2022ರಲ್ಲಿ ಈಲಿ ನಗರದ ಮಹಾ ದೇವಾಲಯದಲ್ಲಿ ಇರಿಸಿದರು. ಆದರೆ ಇಂಥ ಮರ ಎಷ್ಟು ಜನರ ನೆಲಕ್ಕೆ ಸಾಕಾದೀತು? ದುರ್ಲಭವಾದದ್ದನ್ನು ಬಯಸುವ ಮನುಷ್ಯ ಅದನ್ನು ಸುಲಭವಾಗಿಸುವ ಉಪಾಯವನ್ನು ಹುಡುಕದೆ ಇರಲಾರ.

ಓಕ್ ನೆಲಕ್ಕೆ ರಾಜಮರ್ಯಾದೆ ದೊರಕಿದ್ದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ. ಅಲ್ಲಿ ಮೊದಲು ಹಾಸಿದ್ದ ಅಮೃತಶಿಲೆಯನ್ನು ತೊಳೆದಾಗಲೆಲ್ಲ ನೀರು ಕೆಳಗಿಳಿದು ತೊಲೆಗಳು ಕೊಳೆಯತೊಡಗಿದವು. ಆಗ, 1684ರ ಸುಮಾರಿಗೆ, ಕಲ್ಲನ್ನು ತೆಗೆದು ಓಕ್ ಮರದ ಚೌಕಗಳನ್ನು ಹೆಣೆದು ಕೂಡಿಸಿದರು. ಬಯಸಿದ್ದು ಕಪ್ಪನ್ನಲ್ಲ, ಬಡಗಿಯ ಜೋಡಣೆಯ ಜಾಣ್ಮೆಯನ್ನು ಮತ್ತು ಮೇಣ ತಿಕ್ಕಿದ ಹೊಳಪನ್ನು.

ಕಪ್ಪಿನ ಮೋಹ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಕಾರ್ಖಾನೆಗಳ ಹೊಗೆಯಲ್ಲಿ ಹಣ ಮಾಡಿದ ಹೊಸ ಸಿರಿವಂತರಿಗೆ ಹಳೆಯ ಮನೆತನದವರೆನ್ನಿಸಿಕೊಳ್ಳುವ ಆಸೆ. ಎಲಿಜಬೆತ್ ರಾಣಿಯ ಕಾಲದ ಓಕ್ ಸಾಮಾನುಗಳು ಮೂರು ಶತಮಾನಗಳ ಹೊಗೆ, ಮೇಣ, ಕೈಜಿಡ್ಡುಗಳಿಂದ ಕಪ್ಪಿಟ್ಟಿದ್ದುದನ್ನು ಕಂಡು, ಅವು ಹುಟ್ಟಿದಾಗಲೂ ಹಾಗೆಯೇ ಇದ್ದವೆಂದು ಅವರು ತಿಳಿದರು. ಹಳೆಯ ಮನೆಗಳ ಮರದ ಚೌಕಟ್ಟುಗಳಿಗೂ ಕಪ್ಪು ಬಣ್ಣ ಬಳಿಸಿದರು. ಲಂಡನ್ನಿನ ವಾರ್ಡೂರ್ ಬೀದಿ ಹಳೆಯ ಓಕ್ ಸಾಮಾನುಗಳಿಗೆ ಹೇಗೋ ಹಾಗೆಯೇ ಹಳೆಯದರಂತೆ ತೋರುವ ಹೊಸ ಓಕ್ ಸಾಮಾನುಗಳಿಗೂ ಹೆಸರಾಯಿತು.

ಈ ಬೀದಿ ಸಾಹಿತ್ಯ ವಿಮರ್ಶೆಗೂ ಒಂದು ಪದವನ್ನು ಕೊಟ್ಟಿತೆಂಬುದು ಸ್ವಾರಸ್ಯದ ಸಂಗತಿ. ವಿಲಿಯಂ ಮಾರಿಸ್ ಹೋಮರನ ಒಡಿಸ್ಸಿಯನ್ನು ಬಳಕೆ ತಪ್ಪಿದ ಹಳೆಯ ಮಾತುಗಳಿಂದ ತುಂಬಿ ಅನುವಾದಿಸಿದಾಗ, 1888ರಲ್ಲಿ ಆರ್ಚಿಬಾಲ್ಡ್ ಬ್ಯಾಲಂಟೈನ್ ಎಂಬ ಲೇಖಕ ಅದನ್ನು ‘ವಾರ್ಡೂರ್ ಬೀದಿಯ ಇಂಗ್ಲಿಷ್’ ಎಂದು ಹಂಗಿಸಿದ. ಹಳತಲ್ಲದ್ದಕ್ಕೆ ಹಳತಿನ ಬಣ್ಣ ಹಚ್ಚಿದ ಭಾಷೆ ಎಂದು ಅದರ ಅರ್ಥ. ಐತಿಹಾಸಿಕ ಕಾದಂಬರಿಯ ಸಂಭಾಷಣೆಗೆ ನಾಲ್ಕು ಹಳಗನ್ನಡದ ಪದಗಳನ್ನು ಉದುರಿಸಿ ತೃಪ್ತರಾಗುವ ನಮ್ಮ ಲೇಖಕರಿಗೂ ಈ ಪದ ಅಷ್ಟೇನೂ ಅಪರಿಚಿತವೆನಿಸಲಾರದು.

ವಿಚಿತ್ರವೆಂದರೆ, ಓಕ್ ಮರವನ್ನು ಕಪ್ಪಾಗಿಸುವ ಇನ್ನೊಂದು ಮಾರ್ಗ ಪ್ರಸಿದ್ಧವಾದದ್ದು ಇದೇ ಮಾರಿಸನ ಅಭಿಮಾನಿಯೊಬ್ಬನಿಂದ. ಅಮೆರಿಕದ ಗುಸ್ತಾವ್ ಸ್ಟಿಕ್ಲಿ 1901ರಲ್ಲಿ ‘ಕ್ರಾಫ್ಟ್ಸ್‌ಮನ್’ ಪತ್ರಿಕೆಯನ್ನು ಆರಂಭಿಸಿ, ಮೊದಲ ಸಂಚಿಕೆಯನ್ನು ಮಾರಿಸನಿಗೇ ಮೀಸಲಿಟ್ಟ. ಅವನು ತನ್ನ ಓಕ್ ಪೀಠೋಪಕರಣಗಳನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಅಮೋನಿಯದ ಹಬೆ ಹಾಯಿಸುತ್ತಿದ್ದ. ಕುದುರೆಲಾಯದ ಓಕ್ ಹಲಗೆಗಳು ಗಂಜಳದ ಹಬೆಯಿಂದ ಕಪ್ಪಾದುದನ್ನು ಯಾರೋ ಗಮನಿಸಿದ್ದರಿಂದ ಈ ವಿದ್ಯೆ ಹುಟ್ಟಿತೆಂದು ಒಂದು ಕಥೆಯಿದೆ. ಇಲ್ಲಿ ಕಬ್ಬಿಣವೂ ಇಲ್ಲ, ಬಣ್ಣವೂ ಇಲ್ಲ. ಮರದ ಒಗರೇ ಹಬೆಯೊಡನೆ ಕೂಡಿ ಕಂದಾಗುತ್ತದೆ. ಒಗರು ಕಡಿಮೆಯಿರುವ ಹೊರಮೈಯ ಎಳೆಮರ ಬಿಳುಪಾಗಿಯೇ ಉಳಿಯುತ್ತದೆ. ಎರಡು ಮರಗಳ ಹಲಗೆಗಳು ಒಂದೇ ಬಣ್ಣಕ್ಕೆ ತಿರುಗುವುದಿಲ್ಲ. ಮರದ ಸ್ವಭಾವವನ್ನು ಈ ವಿಧಾನ ಮುಚ್ಚಲಾರದು. ವಾರ್ಡೂರ್ ಬೀದಿಯ ಕಪ್ಪಿಗೂ ಇದಕ್ಕೂ ಇರುವ ಭೇದ ಇದು.

ಇನ್ನು ಇಂದಿನ ಹಲಗೆಯ ವಿಷಯ. ಇಡಿಯ ಮರದ ಹಲಗೆ ಗಾಳಿಯಲ್ಲಿ ತೇವವೇರಿದಾಗ ಅಗಲಕ್ಕೆ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ, ಸಂದುಗಳು ಬಿರಿಯುತ್ತವೆ. ಸ್ವೀಡನ್ನಿನ ನೀಬ್ರೂ ಎಂಬ ಊರಿನ ಗುಸ್ತಾಫ್ ಕೇರ್, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಪದರಗಳನ್ನು ಅಂಟಿಸಿ ಮಾಡಿದ ಹಲಗೆಗೆ 1941ರಲ್ಲಿ ಪೇಟೆಂಟ್ ಪಡೆದ. ಒಂದು ಪದರದ ಚಲನೆಯನ್ನು ಮತ್ತೊಂದು ತಡೆಯುತ್ತದೆ. ಇಂದಿನ ಪದರಹಲಗೆಗಳಲ್ಲಿ ಮೇಲಿನ ಓಕ್ ಸಾಮಾನ್ಯವಾಗಿ 2ರಿಂದ 6 ಮಿಲಿಮೀಟರ್ ದಪ್ಪ; ಕೆಳಗಿರುವುದು ಪ್ಲೈವುಡ್ಡೋ ಅಗ್ಗದ ಮರವೋ. ಇದನ್ನು ಮೋಸವೆಂದು ನಾನು ಹೇಳಲಾರೆ. ನೂರಾರು ವರ್ಷ ಬೆಳೆದ ಒಂದು ಮರ ಈ ವಿಧಾನದಿಂದ ಹೆಚ್ಚು ಮನೆಗಳಿಗೆ ನೆಲವಾಗುತ್ತದೆ.

ಆದರೆ ಆರಿಸುವವನು ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಮೊದಲನೆಯದು, ಈ ಕಪ್ಪು ಎಷ್ಟು ಆಳದವರೆಗೆ ಇದೆ ಎಂಬುದು. ಮೇಲೆ ಬಣ್ಣ ಬಳಿದ ಹಲಗೆಯ ಮೇಲೆ ಕುರ್ಚಿಯ ಕಾಲು ಗೀಚಿದರೆ ಒಳಗಿನ ಬಿಳುಪು ಹಲ್ಲು ಕಿರಿಯುತ್ತದೆ. ಕಬ್ಬಿಣದ ದ್ರಾವಣ ಸವರಿದ ಕಪ್ಪೂ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ದೀರ್ಘಕಾಲ ಹಬೆ ಹಾಯಿಸಿದ ಹಲಗೆಯಲ್ಲಿ ಗೀರಿನ ಒಳಗೂ ಅದೇ ಬಣ್ಣ. ಎರಡನೆಯದು, ಮೇಲಿನ ಪದರ ಎಷ್ಟು ದಪ್ಪ ಎಂಬುದು. ಫ್ರಾನ್ಸಿನ ಚಿತ್ರಕಾರ ಕೈಬಾತ್ 1875ರಲ್ಲಿ ಬರೆದ ಪ್ರಸಿದ್ಧ ಚಿತ್ರವೊಂದಿದೆ. ಪ್ಯಾರಿಸ್ಸಿನ ಮನೆಯೊಂದರಲ್ಲಿ ಮೂವರು ಕೆಲಸಗಾರರು ಅಂಗಿ ಕಳಚಿ, ಮಂಡಿಯೂರಿ, ಮರದ ನೆಲವನ್ನು ಹೆರೆಯುತ್ತಿದ್ದಾರೆ; ಹೆರೆದಲ್ಲಿ ನೆಲ ತಿಳಿಯಾಗಿದೆ. ಆ ವರ್ಷದ ಅಧಿಕೃತ ಪ್ರದರ್ಶನ ಇದನ್ನು ತಿರಸ್ಕರಿಸಿತು; ಮರುವರ್ಷ ಇಂಪ್ರೆಷನಿಸ್ಟ್ ಚಿತ್ರಕಾರರ ಪ್ರದರ್ಶನದಲ್ಲಿ ಇದು ಕಾಣಿಸಿಕೊಂಡಿತು. ಮರದ ನೆಲಕ್ಕೆ ಹೀಗೆ ಹೆರೆಸಿಕೊಂಡು ಮತ್ತೆ ಮತ್ತೆ ಹೊಸದಾಗುವ ಭಾಗ್ಯವಿದೆ. ಪದರ ತೀರ ತೆಳುವಾದರೆ ಆ ಭಾಗ್ಯವೂ ಇಲ್ಲ. ಅಂಥ ನೆಲ ಹಳೆಯದರಂತೆ ಕಾಣಬಲ್ಲದೇ ಹೊರತು ಹಳೆಯದಾಗಲು ಅದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಕಪ್ಪು ನೆಲವನ್ನು ಬಯಸುವುದು ತಪ್ಪಲ್ಲ. ಬಿಳಿಯ ಗೋಡೆಗಳ ನಡುವೆ ಅದಕ್ಕೊಂದು ಗಾಂಭೀರ್ಯವಿದೆ. ಸಂಜೆಯ ದೀಪವನ್ನು ಅದು ನಿಂತ ನೀರಿನಂತೆ ಹಿಡಿದಿಡುತ್ತದೆ. ಪ್ರತಿಯೊಂದು ಧೂಳಿನ ಕಣವನ್ನೂ ತೋರಿಸಿ ಮನೆಯವರಿಗೆ ನಿತ್ಯದ ಕೆಲಸವನ್ನೂ ಕೊಡುತ್ತದೆ. ಇವೆಲ್ಲವನ್ನೂ ಬಲ್ಲವರು ಕಪ್ಪನ್ನು ಕಪ್ಪೆಂದೇ ಒಪ್ಪಿ ಆರಿಸಿಕೊಳ್ಳಲಿ. ಕೊಂಡುಕೊಳ್ಳಲಾಗದ್ದು ವಯಸ್ಸು. ಅದು ಆ ನೆಲದ ಮೇಲೆ ಅಂಬೆಗಾಲಿಟ್ಟ ಮಕ್ಕಳಿಂದ, ಅದನ್ನು ಮಂಡಿಯೂರಿ ಒರೆಸಿದವರಿಂದ, ಎಳೆದಾಡಿದ ಕುರ್ಚಿಮೇಜುಗಳಿಂದ ದಿನಕ್ಕಿಷ್ಟರಂತೆ ಬರಬೇಕು. ಹಾಗೆ ಬರುವ ವಯಸ್ಸನ್ನು ತಾಳಿಕೊಳ್ಳುವಷ್ಟು ಮರ ಕಾಲಡಿಯಲ್ಲಿದೆಯೇ ಎಂದು ಮೊದಲು ನೋಡಿಕೊಂಡರೆ, ಬಣ್ಣದ ಆಯ್ಕೆ ಅನಂತರದ ಮಾತು.