ಕಪ್ಪು ವಜ್ರವೂ ನಂಜನಗೂಡಿನ ಪಚ್ಚೆಲಿಂಗವೂ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯಕ್ಕೆ ಹೋದವರೆಲ್ಲ ಪಚ್ಚೆಲಿಂಗದ ಕಥೆಯನ್ನು ಕೇಳಿಯೇ ಇರುತ್ತಾರೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದಾಯಿತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿತಂತೆ. ಕೃತಜ್ಞನಾದ ಸುಲ್ತಾನನು ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕರೆದು ಈ ಲಿಂಗವನ್ನು ಅರ್ಪಿಸಿದನೆಂಬುದು ಐತಿಹ್ಯ.

ದೇವಾಲಯವನ್ನೂ ರತ್ನವನ್ನೂ ಕೂಡಿಸುವ ಇನ್ನೊಂದು ಕಥೆ ಲೋಕಪ್ರಸಿದ್ಧವಾಗಿದೆ. ‘ಬ್ಲ್ಯಾಕ್ ಓರ್ಲೋವ್’ ಎಂಬ 67.50 ಕ್ಯಾರಟ್ಟಿನ ಕಪ್ಪು ವಜ್ರವು ಪುದುಚೇರಿ ಬಳಿಯ ಗುಡಿಯೊಂದರಲ್ಲಿ ಬ್ರಹ್ಮನ ವಿಗ್ರಹದ ಕಣ್ಣಾಗಿತ್ತಂತೆ. ಅದನ್ನು ಕಿತ್ತೊಯ್ದುದರಿಂದ ಶಾಪ ತಟ್ಟಿತೆಂದು ಹೇಳುತ್ತಾರೆ. ಒಂದು ಕೊಟ್ಟ ಕಥೆ, ಇನ್ನೊಂದು ಕದ್ದ ಕಥೆ. ಎರಡನ್ನೂ ಒರೆಗೆ ಹಚ್ಚಿ ನೋಡೋಣ.

18ನೆಯ ಶತಮಾನದ ಆದಿಯಲ್ಲಿ ಬ್ರೆಜಿಲಿನ ವಜ್ರಗಳು ಬೆಳಕಿಗೆ ಬರುವವರೆಗೆ ಭಾರತವೇ ಜಗತ್ತಿನ ವಜ್ರದ ಮುಖ್ಯ ಆಕರವಾಗಿತ್ತು. ಆದರೆ ಕಪ್ಪು ವಜ್ರಕ್ಕೆ ನಮ್ಮ ನಾಡು ಹೆಸರಾದುದಲ್ಲ. ಆದುದರಿಂದಲೇ ಬ್ರಹ್ಮನ ಕಣ್ಣಿನ ಕಥೆಯನ್ನು ರತ್ನತಜ್ಞರು ಸಂದೇಹದಿಂದ ನೋಡುತ್ತಾರೆ. ಕಪ್ಪು ವಜ್ರಗಳಲ್ಲಿ ‘ಕಾರ್ಬನಾಡೊ’ ಎಂಬ ಬಗೆಯಂತೂ ಮುಖ್ಯವಾಗಿ ಬ್ರೆಜಿಲ್ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯಗಳಲ್ಲಿ ಮಾತ್ರ ದೊರೆಯುತ್ತದೆ. ಸಾಮಾನ್ಯ ವಜ್ರಗಳನ್ನು ಭೂಗರ್ಭದಿಂದ ಮೇಲಕ್ಕೆ ತರುವ ಕಿಂಬರ್ಲೈಟ್ ಶಿಲೆಯಲ್ಲಿ ಅದು ಸಿಕ್ಕಿಲ್ಲ. ಅದು ಅಂತರಿಕ್ಷದಿಂದ ಬಂದುದಿರಬಹುದೆಂದು 2006ರಲ್ಲಿ ವಿಜ್ಞಾನಿಗಳು ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. 1895ರಲ್ಲಿ ಬ್ರೆಜಿಲಿನ ಬಾಹಿಯಾದಲ್ಲಿ 3,167 ಕ್ಯಾರಟ್ಟಿನ ಕಾರ್ಬನಾಡೊ ದೊರೆಯಿತು. ತೂಕದಲ್ಲಿ ಅದು ಪ್ರಸಿದ್ಧ ಕಲ್ಲಿನನ್ ವಜ್ರವನ್ನೂ ಮೀರಿಸುವಂಥದು. ಅಂಥ ಅಪೂರ್ವ ವಸ್ತುವನ್ನು ಬಂಡೆ ಕೊರೆಯುವ ಯಂತ್ರಗಳಿಗಾಗಿ ಚೂರುಚೂರು ಮಾಡಿದರು! ಅಪರೂಪವಾದುದೆಲ್ಲ ಆದರಕ್ಕೆ ಪಾತ್ರವಾಗುವುದಿಲ್ಲ.

ಇನ್ನು ನಮ್ಮ ಪಚ್ಚೆಲಿಂಗ. ಹೆಸರು ಮರಕತದ್ದಾದರೂ ವಿದ್ವಾಂಸರು ಇದನ್ನು ಜೇಡ್ ಎಂಬ ಹಸುರು ಶಿಲೆಯೆಂದು ಗುರುತಿಸಿದ್ದಾರೆ. ಜೇಡ್ ಶಿಲೆಗೆ ಹೆಸರಾದ ನೆಲೆಗಳು ಬರ್ಮಾ ಮತ್ತು ಮಧ್ಯ ಏಷ್ಯಾದ ಖೋಟಾನ್. ಕಪಿಲೆಯ ತೀರದಲ್ಲಿ ಅದು ಹುಟ್ಟುವುದಿಲ್ಲ. ಆನೆಯ ಕಣ್ಣಿನ ಪ್ರಸಂಗವನ್ನು ಒರೆಗೆ ಹಚ್ಚಲು ಯಾವ ಶಿಲಾಶಾಸ್ತ್ರಕ್ಕೂ ಸಾಧ್ಯವಿಲ್ಲ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಆದರೆ ಬ್ರಹ್ಮನ ಕಣ್ಣನ್ನು ಕಳೆದುಕೊಂಡ ಗುಡಿ ಯಾವುದೆಂದು ತೋರಿಸಬಲ್ಲವರು ಇಲ್ಲ. ನಂಜನಗೂಡಿನ ಲಿಂಗವಾದರೋ ಇಂದಿಗೂ ಕಣ್ಣೆದುರಿಗಿದೆ. ಅದು ಪಚ್ಚೆಯಲ್ಲವೆಂದು ತಿಳಿದ ಮಾತ್ರಕ್ಕೆ ಕೊಟ್ಟ ಕೈಯ ಭಕ್ತಿಯಾಗಲಿ, ಸ್ವೀಕರಿಸಿ ಕಾಪಾಡಿಕೊಂಡು ಬಂದ ಊರಿನ ಔದಾರ್ಯವಾಗಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು.